ಮುಂದಿನ ಸಾಲಿನ ಕೈಕುರ್ಚಿ

ಇತ್ತೀಚೆಗೆ ನನಗೆ ಒಂದು ಕಡೆ ಕುಳಿತುಕೊಳ್ಳಲು ಆಗುವುದಿಲ್ಲ. ಚಹಾದ ಕಪ್ಪು ಹಿಡಿದು ಪಡಸಾಲೆಯಿಂದ ಅಂಗಳಕ್ಕೆ ಹೋಗುತ್ತೇನೆ, ಅಂಗಳದಿಂದ ಮತ್ತೆ ಪಡಸಾಲೆಗೆ ಬರುತ್ತೇನೆ. ರೊಟ್ಟಿ ಬಡಿಯುತ್ತಿರುವ ನನ್ನ ಹೆಂಡತಿ ಒಳಗಿನಿಂದಲೇ ಕೂಗುತ್ತಾಳೆ.

"ಎಲ್ಲಿಗೆ ಹೊಂಟೀರಿ? ಬಸ್ಸು ಬಿಟ್ಟು ಹೋಗತೈತೇನು? ಒಂದ್ ಕಡೆ ಕುಂದ್ರ್ರಿ, ನಿಮ್ಮನ್ನ ನೋಡಿ ನೋಡಿ ನನಗ ತಲಿ ತಿರಗಾಕತ್ತೈತಿ."

ಡಾಕ್ಟರು ಸಕ್ಕರೆ ನೋಡಿದರು, ಬಿ.ಪಿ. ನೋಡಿದರು. ವಯಸ್ಸಾಯಿತು ಎಂದರು. ಆದರೆ ಇದು ವಯಸ್ಸಿನದಲ್ಲ. ಒಂದು ರವಿವಾರ ನಾನು ಕುಳಿತುಕೊಳ್ಳಬಾರದಿತ್ತು, ಕುಳಿತೆ. ಅದರ ಫಲವಾಗಿ ಈಗ ಕುಳಿತರೆ ಮೈ ಉರಿಯುತ್ತದೆ. ಇದನ್ನು ಕೂಡ ಎದ್ದು ಕುಳಿತು, ಎದ್ದು ಕುಳಿತು ಬರೆಯುತ್ತಿದ್ದೇನೆ.

ನಮ್ಮದು ಸಿಂದಗಿ. ನಮ್ಮ ಚರ್ಚು ಚಿಕ್ಕದು. ಸಭೆಯವರೆಲ್ಲ ಜಮಖಾನೆಯ ಮೇಲೆ ಕೂರುತ್ತಾರೆ, ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಮುಂದುಗಡೆ ಮೂರು ಮೆಟ್ಟಿಲ ಎತ್ತರದ ಕಟ್ಟೆ, ಅದರ ಮೇಲೆ ಪ್ರಸಂಗ, ಅಂದರೆ ವೇದಪುಸ್ತಕದ ಉಪದೇಶ, ಮಾಡುವವರು ನಿಲ್ಲುವ ಮೇಜು. ಆ ಮೇಜಿನ ಎದುರಿಗೇ, ಮೊದಲನೆಯ ಸಾಲಿನಲ್ಲಿ, ಒಂದು ಸಾಗವಾನಿ ಕೈಕುರ್ಚಿ. ಅದು ಸಭೆಯ ಹಿರಿಯನದು. ಮೊದಲು ನನ್ನ ಅಪ್ಪ ಕೂರುತ್ತಿದ್ದ. ಅವನ ನಂತರ ನಾನು.

ಆ ಕುರ್ಚಿಯ ಮಹತ್ವ ಹೊರಗಿನವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. ನನ್ನ ಅಜ್ಜ ಊರ ದೊಡ್ಡವರ ಎದುರು ಕುಳಿತವನಲ್ಲ. ಕೆರ ಕೈಯಲ್ಲಿ ಹಿಡಿದು ಕಟ್ಟೆಯ ಕೆಳಗೆ ನಿಂತವನು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸರಕಾರಿ ಕಚೇರಿಯಲ್ಲಿ ಜವಾನನಾದೆ. ಸಾಹೇಬರ ಬಾಗಿಲ ಹೊರಗೆ ನನಗೊಂದು ಸ್ಟೂಲು ಕೊಟ್ಟಿದ್ದರು. ಆದರೆ ಗಂಟೆ ಯಾವಾಗ ಬಾರಿಸುತ್ತಾರೋ ಎಂದು ಅದರ ತುದಿಯಲ್ಲೇ ಕೂರುತ್ತಿದ್ದೆ, ನಿವೃತ್ತಿಯಾಗುವವರೆಗೂ. ವಾರದಲ್ಲಿ ಒಂದು ದಿನ ಮಾತ್ರ, ರವಿವಾರ, ಬೆನ್ನು ಹಚ್ಚಿ, ಎರಡೂ ಕೈ ಚಾಚಿ, ಎಲ್ಲರ ಎದುರಿಗೆ ಕೂರುತ್ತಿದ್ದೆ. ನಮ್ಮ ಸಭೆಯಲ್ಲಿ ಓದು ಬಾರದ ಹಿರಿಯರು ಬಹಳ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಅವರು ಪುಸ್ತಕ ನೋಡುವುದಿಲ್ಲ, ಆ ಕುರ್ಚಿಯನ್ನು ನೋಡುತ್ತಾರೆ. ನಾನು ಎದ್ದರೆ ಪ್ರಾರ್ಥನೆ ಎಂದು ತಿಳಿದು ಅವರೂ ಏಳುತ್ತಾರೆ. ನಾನು ಕುಳಿತರೆ ಕೂರುತ್ತಾರೆ.

ನನ್ನ ಸೊಸೆ ಮದುವೆಗೆ ಮೊದಲೇ ಹೆಣ್ಣುಮಕ್ಕಳ ಬೈಬಲ್ ಶಾಲೆಯಲ್ಲಿ ಕಲಿತವಳು. ನನ್ನ ಮಗ ಲೈನ್‌ಮನ್. ಕಂಬ ಹತ್ತುವುದೊಂದು ಬಿಟ್ಟರೆ ಉಳಿದದ್ದಕ್ಕೆಲ್ಲ "ಅಪ್ಪನ್ನ ಕೇಳು" ಎನ್ನುವವನು. ನಮ್ಮ ಪಾಸ್ಟರಿಗೆ ವರ್ಗವಾಗಿ ಸಭೆ ಖಾಲಿ ಬಿದ್ದಾಗ, ಬೇರೆ ಯಾರೂ ಸಿಗದೆ, ಚರ್ಚಿನ ಮೇಲಿನವರು ತಾತ್ಕಾಲಿಕವಾಗಿ ಸಭೆಯನ್ನು ನನ್ನ ಸೊಸೆಯ ಕೈಗೆ ಕೊಟ್ಟರು. ಚಲೋ ನಡೆಸಿದರೆ ಮುಂದೆ ಕಾಯಂ ಮಾಡುತ್ತೇವೆ ಎಂದರು. ನಾನು ಬಸ್ ಸ್ಟ್ಯಾಂಡಿನವರೆಗೂ ಪೇಡೆ ಹಂಚಿ ಬಂದೆ.

ಮೊದಲನೆಯ ರವಿವಾರ ಅವಳು ವೇದಪುಸ್ತಕ ಎದೆಗವಚಿಕೊಂಡು ಮೆಟ್ಟಿಲ ತನಕ ಬಂದಳು. ನನ್ನ ಕಡೆ ನೋಡಿದಳು. ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಮೆಟ್ಟಿಲು ಏರದೆ, ಕೆಳಗೆ, ಕಟ್ಟೆಯ ಪಕ್ಕದಲ್ಲಿ ನಿಂತು ಪ್ರಸಂಗ ಮಾಡಿದಳು.

ಯಾಕೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಸೊಸೆಯಾದವಳು ಮಾವನಿಗಿಂತ ಎತ್ತರದಲ್ಲಿ ನಿಲ್ಲುವುದಿಲ್ಲ, ಕೂರುವುದಿಲ್ಲ. ಮಾವ ನಿಂತಿದ್ದರೆ ಅವಳು ಕೂರುವುದಿಲ್ಲ. ಹೊಲದಲ್ಲಿ ಮಾವ ಬದುವಿನ ಮೇಲೆ ಕುಳಿತಿದ್ದರೆ ಅವಳು ಬಳಸಿಕೊಂಡು ಹೋಗುತ್ತಾಳೆ. ನಾವು ಕ್ರೈಸ್ತರಾಗಿ ತಲೆಮಾರುಗಳಾದರೂ ಈ ಪದ್ಧತಿ ನಮ್ಮ ಜೊತೆಗೇ ಬಂತು. ಬಿಡಿ ಎಂದು ಯಾರೂ ಹೇಳಲಿಲ್ಲ, ನಾವೂ ಬಿಡಲಿಲ್ಲ. ಇದನ್ನು ಸಡಿಲಿಸುವುದು ಮಾವನ ಮಾತು ಒಂದೇ. "ಇರಲಿ ಬಿಡವ್ವಾ, ಕುಂದ್ರು" ಎಂದು ಮಾವ ಬಾಯಿಬಿಟ್ಟು ಹೇಳಿದರೆ ಸೊಸೆ ಕೂರಬಹುದು.

ನಾನು ಹೇಳಲಿಲ್ಲ. ಆರಾಧನೆ ಮುಗಿದ ಮೇಲೆ ಜನ ಬಂದು ನನ್ನ ಕೈ ಹಿಡಿದು, "ಏನ್ ಸಂಸ್ಕಾರ ಕಲಿಸೀರಿ ಹಿರ್ಯಾರ! ಕಲಿತಾಕಿ ಅದಾಳ, ಆದ್ರೂ ಮಾವನ ಮುಂದ ಏರಲಿಲ್ಲ ನೋಡ್ರಿ" ಎಂದರು. ಆ ಮಾತು ಬೆಲ್ಲದ ಹಾಗೆ ನಾಲಿಗೆಯ ಮೇಲೆ ಉಳಿಯಿತು. ಮುಂದಿನ ರವಿವಾರ ಮತ್ತೆ ಬೇಕೆನಿಸಿತು. ಅದರ ಮುಂದಿನ ರವಿವಾರವೂ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನನ್ನ ಸೊಸೆ ತಿಂಗಳಿಗೊಮ್ಮೆ ಬಸವನ ಬಾಗೇವಾಡಿಗೆ ಹೋಗತೊಡಗಿದಳು. ಅವಳಂತೆಯೇ ಸಭೆ ನಡೆಸುವ ಇನ್ನಿಬ್ಬರು ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಒಬ್ಬಳು ಇಂಡಿಯಿಂದ. ಆಕೆ ನಾಗಾಲ್ಯಾಂಡಿನ ಗುಡ್ಡದೂರಿನವಳು. ಗಂಡ ಇಂಡಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾನೆ, ಆಕೆ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಸಣ್ಣ ಸಭೆ ನಡೆಸುತ್ತಾಳೆ. ಇನ್ನೊಬ್ಬಳು ಮುದ್ದೇಬಿಹಾಳದ ಹತ್ತಿರದ ತಾಂಡಾದ ಲಂಬಾಣಿ ಹೆಣ್ಣುಮಗಳು. ಅವಳ ಸಭೆಯ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದರೆ ಚರ್ಚು ಖಾಲಿ, ತಿರುಗಿ ಬಂದರೆ ನಿಲ್ಲಲು ಜಾಗವಿಲ್ಲ. ನಮ್ಮ ಮನೆಯಲ್ಲಿ ಅವರನ್ನು ಇಂಡಿ ಅಕ್ಕ, ಮುದ್ದೇಬಿಹಾಳದಕ್ಕ ಎಂದೇ ಕರೆಯುತ್ತೇವೆ.

ಸೊಸೆ ಒಬ್ಬಳೇ ಹೋಗುವುದು ಸರಿಯಲ್ಲವೆಂದು ಮೊದಮೊದಲು ನಾನೇ ಜೊತೆಗೆ ಹೋದೆ. ಬಾಗೇವಾಡಿಯಲ್ಲಿ ಚರ್ಚಿನ ಪಕ್ಕದ ಖೋಲಿಯಲ್ಲಿ ಅವರು ಕೂರುತ್ತಿದ್ದರು, ನಾನು ಹೊರಗಿನ ಕಟ್ಟೆಯ ಮೇಲೆ. ಅವರದೊಂದು ನಿಯಮವಿತ್ತು. ಆ ತಿಂಗಳು ತನ್ನಿಂದ ಆಗದೆ ಹೋದದ್ದನ್ನು ಒಬ್ಬಳು ಹೇಳಬೇಕು. ಉಳಿದವರು ಬುದ್ಧಿ ಹೇಳಬಾರದು, ಪ್ರಶ್ನೆ ಮಾತ್ರ ಕೇಳಬೇಕು. ಇಂಡಿ ಅಕ್ಕ ಪ್ರತಿ ಸಲ ಮರೆತು ಬುದ್ಧಿ ಹೇಳಲು ಶುರು ಮಾಡುತ್ತಿದ್ದಳು. ಆಗ ಮುದ್ದೇಬಿಹಾಳದಾಕೆ, "ಅಕ್ಕಾ, ದಂಡ ಆತು ನೋಡು, ಸಕ್ರಿ ಇಲ್ಲದ ಚಾ ಕುಡಿ" ಎನ್ನುತ್ತಿದ್ದಳು. ಒಳಗೆ ನಗೆ ಏಳುತ್ತಿತ್ತು. ನನ್ನ ಸೊಸೆಯ ಸರದಿ ಬಂದಾಗ ಮಾತ್ರ ಸದ್ದಿಲ್ಲ. "ನಂದೆಲ್ಲಾ ಚಲೋ ನಡದೈತ್ರಿ" ಎಂದಷ್ಟೇ ಅವಳ ಧ್ವನಿ ಕೇಳುತ್ತಿತ್ತು.

ಸ್ವಲ್ಪ ಹೊತ್ತಿಗೆ ಮುದ್ದೇಬಿಹಾಳದಾಕೆ ಬಾಗಿಲಿಗೆ ಬಂದು, "ಕಾಕಾ, ಹಾಲು ಒಡೀತು. ಒಂದ್ ಪಾಕೀಟು ತರ್ತೀರೇನ್ರಿ?" ಎನ್ನುತ್ತಿದ್ದಳು. ತಂದುಕೊಟ್ಟರೆ ಚಹಾಪುಡಿ ಮುಗಿದಿರುತ್ತಿತ್ತು. ಅದನ್ನು ತಂದರೆ ಇಂಡಿಯ ನಿಂಬೆಹಣ್ಣು ಇದ್ದವು, ಶರಬತ್ತಿಗೆ ಸಬ್ಜಾ ಬೀಜ ಇರಲಿಲ್ಲ. ಸಬ್ಜಾ ಹುಡುಕುತ್ತ ಬಾಗೇವಾಡಿಯ ಪೇಟೆಯನ್ನೆಲ್ಲ ತಿರುಗುವಾಗ ನನಗೆ ಹೊಳೆಯಿತು. ನಾನು ಕಟ್ಟೆಯ ಮೇಲೆ ಇರುವವರೆಗೂ ನನ್ನ ಸೊಸೆಗೆ ಬಾಯಿ ಇಲ್ಲ. ನನ್ನನ್ನು ಎಬ್ಬಿಸಿ ಕಳಿಸುವುದೇ ಅವರ ಕೆಲಸ. ಆ ತಿಂಗಳಿಂದ ಹೋಗುವುದನ್ನು ಬಿಟ್ಟೆ. ದೊಡ್ಡ ಮನಸ್ಸಿನಿಂದ ಬಿಡಲಿಲ್ಲ, ಸಿಟ್ಟಿನಿಂದ ಬಿಟ್ಟೆ.

ಒಂದು ರವಿವಾರ ಇಂಡಿ ಅಕ್ಕ ಅತಿಥಿಯಾಗಿ ನಮ್ಮ ಚರ್ಚಿಗೆ ಬಂದಳು. ಮೂರೂ ಮೆಟ್ಟಿಲು ಸರಸರ ಏರಿ ಪ್ರಸಂಗ ಮಾಡಿದಳು. ಆಕೆ ನಮ್ಮ ಸೊಸೆಯಲ್ಲ, ನನಗೇನೂ ಅನ್ನಿಸಲಿಲ್ಲ. ಆರಾಧನೆ ಮುಗಿದು ಜನ ಇನ್ನೂ ಜಮಖಾನೆಯ ಮೇಲೆ ಇರುವಾಗಲೇ ನನ್ನ ಕುರ್ಚಿಯ ಹತ್ತಿರ ಬಂದಳು. ಆಕೆಯ ಕನ್ನಡವೆಲ್ಲ ಗಂಡನ ಶಾಲೆಯ ಮಕ್ಕಳಿಂದ ಕಲಿತದ್ದು, ಚಿಕ್ಕವರು ದೊಡ್ಡವರು ಎಲ್ಲರಿಗೂ ಏಕವಚನ.

"ಮಾವ, ನೀನು ಇನ್ನು ಮೇಲೆ ಹಿಂದೆ ಕೂತ್ಕೋ," ಎಂದಳು. "ನೀನು ಇಲ್ಲಿ ಕೂತರೆ ಅವಳು ಮೇಲೆ ಹೋಗಲ್ಲ. ಸುಲಭ, ಅಲ್ವಾ?"

ಹಿಂದಿನಿಂದ ಯಾರೋ, "ಹಿರ್ಯಾರ, ನಿಮ್ಮ ಕುರ್ಚಿಗೆ ವರ್ಗ ಆತ್ರೀಪಾ!" ಎಂದರು. ಎಲ್ಲರೂ ನಕ್ಕರು. ನನ್ನ ಸೊಸೆ ನಗಲಿಲ್ಲ. ಇಂಡಿ ಅಕ್ಕನ ಕೈ ಹಿಡಿದು ಜಗ್ಗಿದಳು. ಅಂದು ನಾನು ಮನೆಯಲ್ಲಿ ಊಟ ಮುಟ್ಟಲಿಲ್ಲ.

ಆಕೆ ಹೇಳಿದ್ದು ಸರಿಯಾಗಿಯೇ ಇತ್ತು. ಅದನ್ನು ಹತ್ತು ಜನರ ಎದುರಿಗೆ ಹೇಳಿದ್ದು ತಪ್ಪು. ನಮ್ಮ ಕಡೆ ಇಂಥ ಮಾತನ್ನು ಹಿರಿಯನಿಗೆ ಒಬ್ಬನೇ ಇದ್ದಾಗ, ಎಲೆ ಅಡಿಕೆ ಕೊಟ್ಟು, ಸುತ್ತಿ ಬಳಸಿ ಹೇಳುತ್ತಾರೆ. ಆಕೆಗೆ ಅದು ಗೊತ್ತಿರಲಿಲ್ಲ. ನನಗೆ ಮಾತ್ರ ಅವತ್ತಿನಿಂದ ಕುರ್ಚಿ ಬಿಡದಿರಲು ಒಂದು ನೆಪ ಸಿಕ್ಕಿತು.

ಕೆಲವು ವಾರಗಳ ನಂತರ ನಮ್ಮ ಚರ್ಚುಗಳ ಜಿಲ್ಲಾ ಮೇಲ್ವಿಚಾರಕರು ಬರುವ ಸುದ್ದಿ ಬಂತು. ನನ್ನ ಸೊಸೆ ಸಭೆ ನಡೆಸುವುದನ್ನು ಕಣ್ಣಾರೆ ನೋಡಿ, ಕಾಯಂ ಮಾಡಬೇಕೋ ಬೇಡವೋ ಎಂದು ಅವರು ತೀರ್ಮಾನಿಸುವವರಿದ್ದರು. ವಾರವೆಲ್ಲ ಅವಳು ಅಡುಗೆಮನೆಯಲ್ಲಿ ತುಟಿ ಅಲುಗಾಡಿಸುತ್ತ ಪ್ರಸಂಗ ಒಪ್ಪಿಸಿಕೊಳ್ಳುತ್ತಿದ್ದಳು. ಶನಿವಾರ ನನ್ನ ಹೆಂಡತಿ ನನಗೆ ಎಲೆ ಅಡಿಕೆ ತಂದುಕೊಟ್ಟು ಹತ್ತಿರ ಕುಳಿತಳು.

"ನಾಳೆ ನಿಮಗ ಮೊಣಕಾಲು ಭಾಳ ನೋವು ಇರತೈತಿ ಅಂತ ಕಾಣತೈತಿ," ಎಂದಳು.

"ನನಗ್ಯಾವ ಮೊಣಕಾಲು ನೋವು?"

"ಇಲ್ಲಾಂದ್ರ ತಡಾ ಆಗತೈತಿ. ಹಿಂದ ಬಾಗಲ ಹತ್ರ ಗ್ವಾಡಿಗೆ ಆತು ಕುಂದ್ರಬೇಕಾಗತೈತಿ."

ಸೊಸೆ ಮಾವನಿಗೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೆಂಡತಿಯೂ ನೇರವಾಗಿ ಹೇಳಲಿಲ್ಲ. ಆದರೆ ನನಗೆ ತಿಳಿಯಿತು. ತಿಳಿದೂ ತಿಳಿಯದವನ ಹಾಗೆ ಎಲೆ ಅಡಿಕೆ ಹಾಕಿಕೊಂಡೆ.

ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ಕುರ್ಚಿಯಲ್ಲಿ ಕುಳಿತೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಯ ಮೇಲೆ ಬಿಳಿ ಟೊಪ್ಪಿಗೆ. ಮೇಲ್ವಿಚಾರಕರು ಕಟ್ಟೆಯ ಮೇಲೆ ಒಂದು ಬದಿಗೆ ಕುಳಿತಿದ್ದರು. ಹಾಡು ಮುಗಿಯಿತು. ನನ್ನ ಸೊಸೆ ಮೆಟ್ಟಿಲ ತನಕ ಬಂದಳು. ಒಂದು ಕಾಲು ಮೊದಲನೆಯ ಮೆಟ್ಟಿಲ ಮೇಲೆ ಇಟ್ಟಳು ಕೂಡ. ಆಮೇಲೆ ಸೆರಗಿನ ಅಂಚಿನಿಂದ ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿದ್ದರೂ ಸಾಕಿತ್ತು, ಹೂಂ ಎಂದು ತಲೆ ತುಸು ಅಲ್ಲಾಡಿಸಿದ್ದರೂ ಸಾಕಿತ್ತು. ನಾನು ಮೇಲೆ ತಿರುಗುವ ಫ್ಯಾನನ್ನು ನೋಡಿದೆ. ಅವಳು ಕಾಲು ಕೆಳಗಿಟ್ಟಳು.

ಕೆಳಗೆ ನಿಂತು ಮಾತನಾಡಿದಳು. ಹಿಂದೆ ಕಟ್ಟೆಯ ಮೇಲಿದ್ದ ಮೇಲ್ವಿಚಾರಕರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಒಪ್ಪಿಸಿಕೊಂಡದ್ದರಲ್ಲಿ ಅರ್ಧ ಮರೆತಳು.

ಚಹಾ ಕುಡಿಯುವಾಗ ಮೇಲ್ವಿಚಾರಕರು ನನ್ನನ್ನು ಬದಿಗೆ ಕರೆದು ಕೇಳಿದರು: "ಹಿರಿಯರೇ, ಆಕೆ ಯಾಕೆ ಮೇಲೆ ಬರಲಿಲ್ಲ?" ಅವರು ದಕ್ಷಿಣದ ಕಡೆಯವರು, ನಮ್ಮ ಮನೆಗಳ ರೀತಿ ಅವರಿಗೆ ತಿಳಿಯದು. ನಾನು ಕುಳಿತಿದ್ದೆ, ಅದಕ್ಕೆ, ಎಂದು ನಾನು ಹೇಳಬೇಕಿತ್ತು.

"ಗೊತ್ತಿಲ್ರಿ ಸರ," ಎಂದೆ.

"ಪೀಠ ಹತ್ತಲು ಹೆದರುವವರಿಗೆ ಸಭೆ ಕೊಡುವುದು ಹೇಗೆ?" ಎಂದು ಅವರು ನಿಟ್ಟುಸಿರುಬಿಟ್ಟರು. ಬೇರೆ ಊರಿನ ಪಾಸ್ಟರೊಬ್ಬರಿಗೆ ನಮ್ಮ ಸಭೆಯನ್ನು ವಹಿಸಿದರು. ಅವರು ಆಗೊಮ್ಮೆ ಈಗೊಮ್ಮೆ ಬರುತ್ತಾರೆ. ಉಳಿದ ರವಿವಾರಗಳನ್ನು ನನ್ನ ಸೊಸೆ ಸಹಾಯಕಿಯಾಗಿ ನಡೆಸಬೇಕು.

ಅಂದು ನಾನು ಹೊಟ್ಟೆ ತುಂಬ ಉಂಡೆ. ಈಗ ಅದನ್ನು ನೆನೆದರೆ ಹೇಸಿಗೆಯಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಮರುವಾರ ಇಂಡಿ ಅಕ್ಕ ಒಂದು ಚೀಲ ನಿಂಬೆಹಣ್ಣು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ಒಬ್ಬನೇ ಪಡಸಾಲೆಯಲ್ಲಿದ್ದೆ. ಈ ಸಲ ಆಕೆ ನೆಲದ ಮೇಲೆ ಕುಳಿತಳು.

"ಮಾವ, ತಪ್ಪು ನಂದು," ಎಂದಳು. "ಎಲ್ಲರ ಮುಂದೆ ನಿನಗೆ ಹಾಗೆ ಹೇಳಬಾರದಿತ್ತು. ಮುದ್ದೇಬಿಹಾಳದವಳು ನನಗೆ ಬೈದಳು. ನಿನ್ನ ಸೊಸೆ ಒಂದು ವಾರ ನನ್ನ ಫೋನ್ ತೆಗೀಲಿಲ್ಲ. ನಾನು ಅವಮಾನ ಮಾಡಿದ್ದಕ್ಕೇ ನೀನು ಆ ದಿನ ಮುಂದೆ ಕೂತಿದ್ದು. ನನ್ನಿಂದ ಅವಳಿಗೆ ಹೀಗಾಯ್ತು."

ಆಮೇಲೆ ಆಕೆ ತನ್ನ ಊರಿನ ಮಾತು ಹೇಳಿದಳು. ಅಲ್ಲಿ ಚರ್ಚಿನಲ್ಲಿ ಆಕೆ ಮೇಲೆ ಏರಬಹುದು. ಆದರೆ ಊರಿನ ಪಂಚರು ಸೇರುವ ಮನೆಯೊಳಗೆ ಹೆಂಗಸರನ್ನು ಬಿಡುವುದಿಲ್ಲವಂತೆ. ಒಮ್ಮೆ ಬಾವಿಯ ವಿಷಯಕ್ಕೆ ಮಾತನಾಡಲು ಹೋಗಿ ಆಕೆ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಕುಳಿತವರಲ್ಲಿ ಆಕೆಯ ಅಪ್ಪನೂ ಇದ್ದ. ಏಳಲಿಲ್ಲ, ಬಾ ಎನ್ನಲಿಲ್ಲ. ಬಾಗೇವಾಡಿಯಲ್ಲಿ ಇದನ್ನು ಹೇಳಿಕೊಂಡಾಗ ನನ್ನ ಸೊಸೆ ಕೇಳಿದ ಪ್ರಶ್ನೆ ಒಂದೇ: "ಅಪ್ಪ ಒಬ್ರೇ ಇದ್ದಾಗ ಕೇಳಿದ್ದೀರೇನ್ರಿ ಅಕ್ಕಾ, ಯಾಕ ಏಳಲಿಲ್ಲ ಅಂತ?" ಆಕೆ ಕೇಳಿರಲಿಲ್ಲ. ಅಂದು ಸಂಜೆಯೇ ಅಪ್ಪನಿಗೆ ಫೋನು ಮಾಡಿದಳಂತೆ. ಮುದುಕ ಬಹಳ ಹೊತ್ತು ಅತ್ತನಂತೆ.

"ಅವಳು ನನಗೆ ಅದನ್ನು ಕಲಿಸಿದಳು. ನಾನು ಅವಳಿಗೆ ಕೆಟ್ಟದ್ದು ಮಾಡಿದೆ. ಕ್ಷಮಿಸು ಮಾವ."

ನಾನು ಕುಳಿತದ್ದು ನಿನ್ನ ಮಾತಿನಿಂದಲ್ಲವ್ವಾ, ಅದಕ್ಕೂ ಎಷ್ಟೋ ಮೊದಲಿನಿಂದ ಕುಳಿತಿದ್ದೇನೆ, ನನಗೆ ಅದು ರುಚಿಸಿತ್ತು, ಎಂದು ಹೇಳಬೇಕಿತ್ತು. ನಾನು ಕೈ ಎತ್ತಿ, ದೊಡ್ಡ ಮನುಷ್ಯನ ಹಾಗೆ, "ಆತು ಬಿಡವಾ, ಕ್ಷಮಿಸೀನಿ" ಎಂದೆ. ನಿಂಬೆಹಣ್ಣಿನ ಚೀಲವನ್ನೂ ಇಟ್ಟುಕೊಂಡೆ.

ಕಾಲಿನ ಈ ಚಡಪಡಿಕೆ ಶುರುವಾದದ್ದು ಅಂದಿನಿಂದ.

ಆ ಮೂವರು ಸುಮ್ಮನೆ ಕೂರಲಿಲ್ಲ. ಸಭೆಗಳನ್ನು ಅದಲು ಬದಲು ಮಾಡಿಕೊಂಡರು. ಪಾಸ್ಟರು ಬರದ ರವಿವಾರ ಇಂಡಿ ಅಕ್ಕ ಸಿಂದಗಿಗೆ, ಮುದ್ದೇಬಿಹಾಳದಾಕೆ ಇಂಡಿಗೆ, ನನ್ನ ಸೊಸೆ ಮುದ್ದೇಬಿಹಾಳಕ್ಕೆ. ಅಲ್ಲಿ ಮಾವ ಇಲ್ಲ. ಅಲ್ಲಿ ಅವಳು ಏರುತ್ತಾಳೆ. "ನಿಮ್ಮ ಸೊಸಿ ಮಾತಾಡಿದ್ರ ತಾಂಡಾದ ಮಂದಿ ಹುಡುಗರಿಗೆ ಹಾಲು ಕುಡಸೂದ ಮರೀತಾರ್ರಿ" ಎಂದು ಬಂದವರು ಹೇಳುತ್ತಿದ್ದರು. ಇಡೀ ತಾಲೂಕು ದಾಟಿ ಯಾರು ಯಾರೋ ಅವಳ ಮಾತು ಕೇಳಿದ್ದರು. ಒಂದೇ ಮನೆಯಲ್ಲಿ ಅವಳ ಕೈಯ ರೊಟ್ಟಿ ತಿನ್ನುವ ನಾನು ಕೇಳಿರಲಿಲ್ಲ.

ಒಂದು ರವಿವಾರ ತಡೆಯಲಾಗಲಿಲ್ಲ. ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಹೆಂಡತಿಗೆ ಹೇಳಿ ಮುದ್ದೇಬಿಹಾಳದ ಬಸ್ಸು ಹತ್ತಿದೆ. "ಐತವಾರ ಯಾವ ಡಾಕ್ಟರು ಕುಂತಿರ್ತಾನ್ರಿ?" ಎಂದು ಆಕೆ ಕೇಳಿದ್ದು ಬೀದಿಗೆ ಬಂದ ಮೇಲೂ ಕೇಳಿಸಿತು.

ತಾಂಡಾದ ಚರ್ಚು ತಗಡಿನದು. ಒಳಗೆ ಹೋದರೆ ಅವಳು ಇಳಿಯುತ್ತಾಳೆ. ಹಿಂದಿನ ಗೋಡೆಯ ಹತ್ತಿರ, ಜಾಲಿಯ ನೆರಳಿನಲ್ಲಿ, ಕಿಟಕಿಯ ಕೆಳಗೆ ನಿಂತೆ. ಒಳಗಿಂದ ಅವಳ ಧ್ವನಿ ಬಂತು. ಅದು ನಮ್ಮ ಮನೆಯಲ್ಲಿ ಕೇಳಿದ ಧ್ವನಿಯಾಗಿರಲಿಲ್ಲ. ನಗುತ್ತಿದ್ದಳು, ಬೈಯುತ್ತಿದ್ದಳು, ನಡುವೆ ಒಂದೆರಡು ಲಂಬಾಣಿ ಮಾತು ಸೇರಿಸುತ್ತಿದ್ದಳು, ಜನ ನಗುತ್ತಿದ್ದರು. ಕಬ್ಬಿನ ಗದ್ದೆಯಿಂದ ತಿರುಗಿ ಬಂದವರ ಬಗ್ಗೆ, ಬೀಗ ಹಾಕಿದ ತಮ್ಮ ಮನೆಯ ಬಾಗಿಲನ್ನು ತಾವೇ ತೆರೆಯುವಾಗಿನ ಸುಖದ ಬಗ್ಗೆ ಹೇಳಿದಳು. ನನ್ನ ಕಾಲು ನೋಯುತ್ತಿದ್ದವು. ಹಿಂದೆ ಒಂದು ಕಲ್ಲಿತ್ತು. ನಾನು ಕೂರಲಿಲ್ಲ.

ಇಂಡಿಗೆ ಹೋಗದೆ ಅಂದು ಊರಲ್ಲೇ ಉಳಿದಿದ್ದ ಮುದ್ದೇಬಿಹಾಳದಾಕೆ ನೀರಿನ ಕೊಡ ಹಿಡಿದು ಹಿಂದಿನಿಂದ ಬಂದಳು.

"ಅಯ್ಯ, ಕಾಕಾ! ಇಲ್ಲೇನ್ ಮಾಡಾಕತ್ತೀರಿ? ಮ್ಯಾಕಿ ಕಾಯಾಕತ್ತೀರೇನು?"

"ಸಾವಕಾಶ ಮಾತಾಡವ್ವಾ. ಆಕಿಗೆ ಗೊತ್ತಾದ್ರ ಇಳೀತಾಳ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೊಡ ಇಳಿಸಿ ಒಂದು ತಂಬಿಗೆ ನೀರು ಕೊಟ್ಟಳು. "ಈ ಸಲ ನೀವ ಹೊರಗ ನಿಂತೀರಿ ನೋಡ್ರಿ," ಎಂದಷ್ಟೇ ಹೇಳಿ ಹೋದಳು.

ತಿರುಗಿ ಬರುವಾಗ ಇದ್ದದ್ದು ಒಂದೇ ಬಸ್ಸು. ಎಲ್ಲರೂ ಹತ್ತಿದ ಮೇಲೆ ನಾನು ಹತ್ತಿದೆ. ನಡುವೆ ಕಂಬಿ ಹಿಡಿದು ನಿಂತಿದ್ದ ಸೊಸೆ ನನ್ನನ್ನು ನೋಡಿ ಸೆರಗು ಎಳೆದುಕೊಂಡಳು. ಬಸ್ಸಿನ ತುಂಬ ಹೆಂಗಸರು. ತಾಳಿಕೋಟೆಯಲ್ಲಿ ನಮ್ಮಿಬ್ಬರ ನಡುವಿನ ಒಂದು ಸೀಟು ಖಾಲಿಯಾಯಿತು. ನಾನು ಕೂರಲಿಲ್ಲ, ನನ್ನ ಕಾಲು ಬಿಡಲಿಲ್ಲ. ನಾನು ನಿಂತಿರುವಾಗ ಅವಳೂ ಕೂರುವಂತಿಲ್ಲ. ಸೀಟಿನ ಆಚೆ ಅವಳು, ಈಚೆ ನಾನು. ಬಸ್ಸು ಹೊರಟಿತು. ಕಂಡಕ್ಟರು ಜನರನ್ನು ತಳ್ಳಿಕೊಂಡು ಬಂದ.

"ಯಾರರೆ ಒಬ್ರು ಕುಂದ್ರ್ರೀಪಾ! ಸೀಟೇನು ದೇವ್ರಿಗೆ ಬಿಟ್ಟೀರೇನು?"

ಜನ ತಿರುಗಿ ನೋಡಿದರು. ನನ್ನ ಬಾಯಿಯಿಂದ ಮಾತು ಬಂತು.

"ಕುಂದ್ರವ್ವಾ."

"ನೀವು ನಿಂತೀರಿ, ನಾ ಹೆಂಗ ಕುಂದ್ರಲ್ರಿ ಮಾವಾರ?"

"ನಾ ಹೇಳಾಕತ್ತೇನಿ. ಕುಂದ್ರು."

ಅವಳು ಕುಳಿತಳು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದಳು. ಆಮೇಲೆ ಮುಖ ತಿರುಗಿಸದೆ ಕೇಳಿದಳು: "ಮುದ್ದೇಬಿಹಾಳಕ್ಕ ಯಾಕ ಬಂದಿದ್ರಿ?"

"ಕೆಲಸ ಇತ್ತು."

"ತಗಡಿನ ಗ್ವಾಡಿ ಹಿಂದ ಏನ್ ಕೆಲಸ್ರಿ? ಕಿಡಕ್ಯಾಗ ನಿಮ್ಮ ಟೊಪ್ಪಿಗಿ ಕಾಣಾಕತ್ತಿತ್ತು."

"ಮತ್ತ ನೀ ಇಳೀಲಿಲ್ಲ?"

"ನೀವು ನಿಂತಿದ್ರಿ. ಕುಂತಿದ್ರ ಇಳೀತಿದ್ದೆ."

ಇದು ತಮಾಷೆಯೋ, ಖರೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಆ ಮಾತು ನನ್ನೊಳಗಿನ ಬಿರಡೆ ತೆಗೆಯಿತು. ಬಗ್ಗಿ ಹೇಳಿದೆ: "ಮೇಲ್ವಿಚಾರಕರು ಬಂದ ದಿನ ನಾ ಬೇಕಂತನ ಕುಂತಿದ್ದೆವ್ವಾ. ಗೊತ್ತಿದ್ದ ಕುಂತಿದ್ದೆ. ಯಾಕ ಏರಲಿಲ್ಲ ಅಂತ ಅವರು ಕೇಳಿದಾಗ ಗೊತ್ತಿಲ್ಲ ಅಂದೆ."

"ಕುಂತದ್ದು ಗೊತ್ತೈತ್ರಿ," ಎಂದಳು. "ಹಂಗ ಅಂದದ್ದು ಗೊತ್ತಿರಲಿಲ್ಲ." ಅವಳ ಧ್ವನಿ ಗಟ್ಟಿಯಾಯಿತು. "ಅದರ ಸಲುವಾಗಿ ಇಂಡಿ ಅಕ್ಕಾ ಇವತ್ತಿಗೂ ತನ್ನದ ತಪ್ಪು ಅಂತ ಅಳತಾಳ. ನೀವು ಕ್ಷಮಿಸೀನಿ ಅಂದ್ರಂತ."

ಅವಳು ಚೀಲದಿಂದ ಫೋನು ತೆಗೆದು, ಒತ್ತಿ, ನನ್ನ ಕೈಗೆ ಕೊಟ್ಟಳು. "ನೀವ ಹೇಳ್ರಿ."

ಬಸ್ಸಿನ ಸದ್ದಿಗೆ ಆ ಕಡೆ ಏನೂ ಕೇಳಿಸುತ್ತಿರಲಿಲ್ಲ. "ಯಾರು? ಮಾವಾ? ಏನು? ಜೋರಾಗಿ ಹೇಳು!" ಎಂದಳು ಇಂಡಿ ಅಕ್ಕ. ನಾನು ಜೋರಾಗಿ ಹೇಳಿದ್ದೆಲ್ಲ ಇಡೀ ಬಸ್ಸಿಗೆ ಕೇಳಿಸಿತು. "ತಪ್ಪು ನಿಂದಲ್ಲವಾ! ನಿಂದಲ್ಲ! ನೀ ಬರೂಕಿಂತ ಮೊದಲಿಂದ್ಲೂ ನಾ ಆಕಿನ್ನ ಕೆಳಗ ನಿಲ್ಲಿಸೀನಿ! ಮಂದಿ ಹೊಗಳ್ತಿದ್ರು, ಅದಕ್ಕ!" ಪಕ್ಕದ ಮುದುಕಿಯೊಬ್ಬಳು ಬಾಯಿಗೆ ಸೆರಗು ಹಚ್ಚಿ ಕೇಳುತ್ತಿದ್ದಳು. ಕಂಡಕ್ಟರು ಟಿಕೆಟು ಹರಿಯುವುದನ್ನು ನಿಲ್ಲಿಸಿದ್ದ.

ಇಂಡಿ ಅಕ್ಕ, "ಮಾವ, ನಾನು ಎಷ್ಟು ದಿನ ನಿದ್ದೆ ಮಾಡಿಲ್ಲ, ಗೊತ್ತಾ ನಿನಗೆ?" ಎಂದಳು. "ನೀನು ಕ್ಷಮಿಸೀನಿ ಅಂದೆ. ಯಾಕೆ ಅಂದೆ?"

ಆಕೆ ಫೋನು ಇಟ್ಟಳು. ಈಗಲೂ ಆಕೆ ನಮ್ಮ ಮನೆಗೆ ಬರುತ್ತಾಳೆ. ನಿಂಬೆಹಣ್ಣಿನ ಚೀಲವನ್ನು ನನ್ನ ಕೈಗೆ ಕೊಡುವುದಿಲ್ಲ, ನನ್ನ ಹೆಂಡತಿಯ ಕೈಗೆ ಕೊಡುತ್ತಾಳೆ.

ಸಿಂದಗಿಯಲ್ಲಿ ಇಳಿದು ಮನೆಗೆ ನಡೆಯುವಾಗ ನಾನು, "ಮುಂದಿನ ಐತವಾರ ಪಾಸ್ಟರು ಬರೂದಿಲ್ಲ. ನೀ ಇಲ್ಲೇ ಏರು. ನಾ ಹಿಂದ ಕುಂದರ್ತೇನಿ," ಎಂದೆ.

ಅವಳು ನಿಂತಳು. "ಹಿಂದ ಬ್ಯಾಡ್ರಿ. ನೀವು ಹಿಂದ ಹೋದ್ರ ಮಾವನ್ನ ನಾನ ಎಬ್ಬಿಸಿ ಕಳಿಸೀನಿ ಅಂತಾರ ಮಂದಿ. ನಿಮ್ಮ ಕುರ್ಚ್ಯಾಗ ಕುಂದ್ರ್ರಿ."

ಆ ವಾರವೆಲ್ಲ ಮನೆಯ ಅಂಗಳ ಸವೆಸಿದೆ. ರವಿವಾರ ಹೋಗಿ ಕುರ್ಚಿಯಲ್ಲಿ ಕುಳಿತೆ. ಅದರ ಕೈಗಳು ಬೆವರಿಗೆ ಜಾರುತ್ತಿದ್ದವು. ಹಾಡು ಮುಗಿಯಿತು. ನನ್ನ ಸೊಸೆ ಮೆಟ್ಟಿಲ ತನಕ ಬಂದು, ಮೊದಲನೆಯದರ ಮೇಲೆ ಕಾಲಿಟ್ಟಳು. ಏರು ಎಂದು ನಾನು ತಲೆ ಅಲ್ಲಾಡಿಸಿದೆ. ಆದರೂ ಅವಳ ಇನ್ನೊಂದು ಕಾಲು ಮೇಲೇಳಲಿಲ್ಲ. ಅಷ್ಟು ವರ್ಷ ಮೈಗೆ ಹತ್ತಿದ್ದು ಒಂದು ವಾರದಲ್ಲಿ ಬಿಟ್ಟು ಹೋಗುತ್ತದೆಯೇ? ಅವಳ ಕಿವಿ ಕೆಂಪಾದವು. ಹಿಂದೆ ಗುಸುಗುಸು ಶುರುವಾಯಿತು. ಆಗ ಅವಳು ಬಸ್ಸಿನಲ್ಲಿ ಹೇಳಿದ ಮಾತು ನೆನಪಾಯಿತು. ನೀವು ನಿಂತಿದ್ರಿ. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

ನಾನು ಎದ್ದದ್ದನ್ನು ನೋಡಿ, ಪ್ರಾರ್ಥನೆ ಎಂದು ತಿಳಿದು, ಮುಂದಿನ ಸಾಲಿನ ಮುದುಕರು ಎದ್ದರು. ಅವರನ್ನು ನೋಡಿ ಹೆಂಗಸರು ಎದ್ದರು. ಹಿಂದಿನವರು ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡು ಎದ್ದರು. ಗಳಿಗೆಯೊಳಗೆ ಇಡೀ ಸಭೆ ಕೈ ಕಟ್ಟಿ, ಕಣ್ಣು ಮುಚ್ಚಿ ನಿಂತಿತ್ತು. ಯಾರೂ ನೋಡುತ್ತಿರಲಿಲ್ಲ. ನಾನೊಬ್ಬ ನೋಡುತ್ತಿದ್ದೆ. ಅವಳು ಮೂರೂ ಮೆಟ್ಟಿಲು ಏರಿದಳು. ವೇದಪುಸ್ತಕವನ್ನು ಮೇಜಿನ ಮೇಲಿಟ್ಟಳು. ಎದುರಿಗೆ ನಿಂತ ಅಷ್ಟು ಜನರನ್ನು ನೋಡಿ ಒಂದು ಕ್ಷಣ ಗಾಬರಿಯಾದಳು. ಆಮೇಲೆ ಅವಳ ಕಣ್ಣು ನನ್ನ ಮೇಲೆ ನಿಂತಿತು, ಸೆರಗಿನ ಮರೆಯಿಂದಲ್ಲ, ನೇರವಾಗಿ.

"ಕುಂದ್ರ್ರಿ," ಎಂದಳು.

ಮುದುಕರು ನನ್ನ ಕಡೆ ನೋಡಿದರು. ನಾನು ಕುಳಿತೆ. ಅವರೂ ಕುಳಿತರು.

ಇದರಿಂದ ಮೇಲ್ವಿಚಾರಕರ ತೀರ್ಮಾನವೇನೂ ಬದಲಾಗಿಲ್ಲ. ನಾನು ಹೇಳಿದ ಸುಳ್ಳನ್ನು ಬರೆದು ಅವರಿಗೆ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಅವಳು ಇನ್ನೂ ಸಹಾಯಕಿಯೇ. ನನಗೂ ಇನ್ನೂ ಒಂದು ಕಡೆ ಕೂರಲು ಆಗುವುದಿಲ್ಲ. ರವಿವಾರ ಮಾತ್ರ, ಅವಳು ಮೇಲಿನಿಂದ ಮಾತನಾಡುವಷ್ಟು ಹೊತ್ತು, ಕುರ್ಚಿಯ ಕೈ ಗಟ್ಟಿ ಹಿಡಿದು ಕೂರುತ್ತೇನೆ. ಕೂರು ಎಂದವಳು ಅವಳು.